ಐದು ತಿಂಗಳ ಬಾಣಂತನ, ಒಂದೂವರೆ ವರ್ಷದ ದೂರ

ನಮ್ಮ ಮನೆ ಟೆರೇಸಿನ ಮೇಲೆ ಒಂದು ಕಪ್ಪು ಸಿಂಟೆಕ್ಸ್ ಟ್ಯಾಂಕ್ ಇದೆ. ಅದರ ಪಕ್ಕದ ಕಟ್ಟೆಯ ಮೇಲೆ ಕೂತರೆ ದೂರದಲ್ಲಿ ಮೆಟ್ರೊ ಹೋಗುವುದು ಕಾಣುತ್ತದೆ. ಇವರು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸೆಕೆಂಡ್ ಶಿಫ್ಟ್ ಇದ್ದ ವಾರ ಹತ್ತಕ್ಕೆ ಬಿಟ್ಟು, ಬೈಕಿನಲ್ಲಿ ಹತ್ತೂವರೆಗೆ ಬಾಗಲಗುಂಟೆಯ ಮನೆಗೆ ಬರುತ್ತಿದ್ದರು. ಊಟ ಆದಮೇಲೆ ಮಜ್ಜಿಗೆ ಹಿಡಿದುಕೊಂಡು ಇಬ್ಬರೂ ಮೇಲೆ ಹೋಗುತ್ತಿದ್ದೆವು. ಇಬ್ಬರಿಗೂ ಒಂದೇ ಲೋಟ. ನಾನು ಸೆರಗಿನ ಪಿನ್ನು ತೆಗೆದು ಅವರ ಉಗುರಿನ ಸಂದಿಯ ಗ್ರೀಸ್ ಕೀಳುತ್ತಿದ್ದೆ. ಅವರು ಅವತ್ತು ಯಾವ ಮೆಷಿನ್ ಕೈಕೊಟ್ಟಿತು ಅಂತ ಹೇಳುತ್ತಿದ್ದರು. ಕೊನೆಯ ಮೆಟ್ರೊ ನಾಗಸಂದ್ರದ ಕಡೆ ಹೋದಮೇಲೆ ಕೆಳಗಿಳಿದು ಬರುತ್ತಿದ್ದೆವು.

ಮದುವೆಯಾದ ಮೊದಲ ಮೂರು ವರ್ಷ ಹೀಗೇ ನಡೆಯಿತು. 2022ರ ಜನವರಿಯಲ್ಲಿ ಮಗಳು ಹುಟ್ಟಿದಳು. ಅದಾದ ಮೇಲೆ ಸುಮಾರು ಒಂದೂವರೆ ವರ್ಷ ನಾವು ಗಂಡ ಹೆಂಡತಿಯ ಹಾಗೆ ಇರಲಿಲ್ಲ. ಜಗಳ ಆಡಿದೆವು ಅಂತಲ್ಲ. ಜಗಳವೂ ಇರಲಿಲ್ಲ.

ಇದನ್ನು ಬರೆಯಲು ಹೊರಟಾಗ ಮೊದಲು ಅಡ್ಡ ಬಂದದ್ದೇ ಪದ. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರಿಲ್ಲ. ‘ಅದು’ ಅಷ್ಟೇ. ಪೇಪರಿನಲ್ಲಿ ಬರುವ ‘ಲೈಂಗಿಕ ಕ್ರಿಯೆ’ ಅನ್ನುವುದು ಕೋರ್ಟ್ ಕೇಸಿನ ಮಾತಿನ ಹಾಗೆ ಕೇಳಿಸುತ್ತದೆ. ಡಾಕ್ಟರುಗಳು ‘ಕಾಂಟ್ಯಾಕ್ಟ್’ ಅನ್ನುತ್ತಾರೆ. ಅಜ್ಜಿ ‘ಕೂಡೋದು’ ಅನ್ನುತ್ತಿದ್ದಳು, ಅದೂ ದನಿ ತಗ್ಗಿಸಿ. ಹೆಸರಿಲ್ಲದ್ದು ಮನೆಯಿಂದ ಕಾಣೆಯಾದರೆ ಏನು ಕಾಣೆಯಾಯಿತು ಅಂತ ಕೇಳುವುದು ಹೇಗೆ?

ಮೊದಲ ಹೆರಿಗೆ, ಹಾಗಾಗಿ ಬಾಣಂತನ ತವರಲ್ಲಿ. ನಮ್ಮದು ಹರಿಹರ. ನಾರ್ಮಲ್ ಡೆಲಿವರಿ, ಆದರೆ ಹೊಲಿಗೆ ಬಿದ್ದಿತ್ತು. ಮನೆಯ ಹಿಂದಿನ ಕೋಣೆ ನನ್ನದಾಯಿತು. ಕಿಟಕಿಗೆ ಅಮ್ಮನ ಹಳೇ ಸೀರೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ದಿನಾ ಎಣ್ಣೆ ನೀರು, ಆಮೇಲೆ ಕೆಂಡದ ಮೇಲೆ ಲೋಬಾನದ ಹೊಗೆ. ಊಟಕ್ಕೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ಬೆಳಿಗ್ಗೆ ಒಂದು ಅಂಟಿನುಂಡೆ. ಇದನ್ನೆಲ್ಲ ಗೇಲಿ ಮಾಡುವವರಿದ್ದಾರೆ, ನಾನು ಮಾಡುವುದಿಲ್ಲ. ಬೇರೆಯವರು ಮೈ ತಿಕ್ಕಿ ನೀರು ಹಾಕಿ ಮಲಗಿಸುವುದು ಎಂಥ ಸುಖ ಅಂತ ಬಾಣಂತಿಯಾದವಳಿಗೇ ಗೊತ್ತು.

ಆದರೆ ಆ ಕೋಣೆಯಲ್ಲಿ ಇವರಿಗೆ ಜಾಗ ಇರಲಿಲ್ಲ. ವಾರ ಬಿಟ್ಟು ವಾರ ಭಾನುವಾರ ರೈಲಿಗೆ ಬರುತ್ತಿದ್ದರು. ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಮಗುವನ್ನು ಹತ್ತು ನಿಮಿಷ ಎತ್ತಿಕೊಳ್ಳುವುದು, ಕಾಫಿ ಕುಡಿಯುವುದು, ಅಪ್ಪನ ಜೊತೆ ಟೊಮೆಟೊ ರೇಟಿನ ಮಾತು, ಸಂಜೆ ರೈಲು. ನಾವಿಬ್ಬರೇ ಇದ್ದರೆ ಅಜ್ಜಿ ಸುಮ್ನೆ ಏನೋ ಹುಡುಕಿಕೊಂಡು ಒಳಗೆ ಬರುತ್ತಿದ್ದಳು. ‘ಹಸಿ ಮೈ’ ಅನ್ನುವುದು ಅವಳ ಮಾತು. ಹಸಿ ಮೈಯನ್ನು ಗಂಡನಿಂದ ಕಾಯಬೇಕು ಅಂತ ಅವಳ ಲೆಕ್ಕ. ಅವಳ ಕಾಲಕ್ಕೆ ಅದು ಸರಿಯೇ ಇತ್ತೇನೋ. ಅವಳು ವರ್ಷ ಬಿಟ್ಟು ವರ್ಷ ಹೆತ್ತವಳು.

ಹೆರಿಗೆಯ ಹೊತ್ತಿಗೆ ಇವರಿಗೆ ಸಿಕ್ಕಿದ್ದು ಮೂರು ದಿನ, ಅದೂ ಅವರದೇ ರಜೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಫ್ಯಾಕ್ಟರಿಯವರಿಗೆ ಅಂಥ ಕಾನೂನೇ ಇಲ್ಲ. ನನಗೆ 26 ವಾರ, ಅವರಿಗೆ ಮೂರು ದಿನ. ಅಪ್ಪ ಆಗುವುದನ್ನು ಅವರು ಕಲಿತದ್ದು ವಿಡಿಯೊ ಕಾಲಿನಲ್ಲಿ.

ಆರು ವಾರಕ್ಕೆ ಚೆಕಪ್‌ಗೆ ಹೋದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರ್ ನೋಡಿ, ‘ಹೊಲಿಗೆ ಚೆನ್ನಾಗಿ ಕೂಡಿದೆ. ಇನ್ನು ಕಾಂಟ್ಯಾಕ್ಟ್ ಆಗಬಹುದು. ಕಾಪರ್ ಟಿ ಹಾಕಲಾ?’ ಅಂದರು. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ನಾನು ‘ಆಮೇಲೆ’ ಅಂದೆ. ಮೂರು ನಿಮಿಷದಲ್ಲಿ ಮುಗಿಯಿತು. ‘ಆಗಬಹುದು’ ಅಂದರೆ ನೋವಿಲ್ಲದೆ ಆಗುತ್ತದೆ ಅಂತ ನಾನು ಅರ್ಥ ಮಾಡಿಕೊಂಡೆ.

ಐದನೇ ತಿಂಗಳಿಗೆ ಬೆಂಗಳೂರಿಗೆ ವಾಪಸ್ ಬಂದೆ. ಇವರು ಮನೆಗೆ ಸುಣ್ಣ ಹೊಡೆಸಿದ್ದರು, ಹೊಸ ಬೆಡ್‌ಶೀಟ್ ತಂದಿದ್ದರು. ಒಂದು ವಾರ ಆದಮೇಲೆ, ಮಗು ಮಲಗಿದ್ದಾಗ, ಪ್ರಯತ್ನ ಮಾಡಿದೆವು. ನನಗೂ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ನೋವು ನಾನು ಯಾವತ್ತೂ ಕಂಡಿರದ ನೋವು. ಚುಚ್ಚಿದ ಹಾಗಲ್ಲ, ಒಣಗಿದ ಜಾಗವನ್ನು ಉಜ್ಜಿದ ಹಾಗೆ. ಹಲ್ಲು ಕಚ್ಚಿ ಹಿಡಿದರೂ ಬಾಯಿಂದ ‘ಅಮ್ಮಾ’ ಅಂತ ಬಂದುಬಿಟ್ಟಿತು. ಇವರು ತಟ್ಟನೆ ಎದ್ದು ಕೂತರು. ‘ಸಾರಿ’ ಅಂದರು. ನಾನು ‘ಪರವಾಗಿಲ್ಲ’ ಅಂದೆ. ಆಮೇಲೆ ಇಬ್ಬರೂ ಫ್ಯಾನ್ ನೋಡಿಕೊಂಡು ಮಲಗಿದೆವು.

ಇನ್ನೆರಡು ಸಲ ಅದೇ ಕಥೆ. ಒಂದು ಸಲ ಬಾಣಂತನದ ಎಣ್ಣೆಯನ್ನೇ ತೆಗೆದುಕೊಂಡೆವು. ಕೊಬ್ಬರಿ ಎಣ್ಣೆ ಎಲ್ಲದಕ್ಕೂ ಮದ್ದು ಅಲ್ವಾ, ನಮ್ಮ ಕಡೆ! ಏನೂ ಪ್ರಯೋಜನ ಆಗಲಿಲ್ಲ. ಮಾರನೇ ವಾರ ಇವರು ‘ಫಸ್ಟ್ ಶಿಫ್ಟಿಗೆ ಐದಕ್ಕೇ ಏಳಬೇಕು, ನಿಮಗ್ಯಾಕೆ ಡಿಸ್ಟರ್ಬ್’ ಅಂತ ಹಾಲ್‌ನಲ್ಲಿ ಚಾಪೆ ಹಾಕಿಕೊಂಡರು. ಶಿಫ್ಟ್ ಬದಲಾಯಿತು, ಚಾಪೆ ಮಾತ್ರ ಅಲ್ಲೇ ಇತ್ತು.

ಜುಲೈನಲ್ಲಿ ನಾನು ಕೆಲಸಕ್ಕೆ ಹೋಗಲು ಶುರು ಮಾಡಿದೆ. ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. ತಿಂಗಳ 20ರ ಹೊತ್ತಿಗೆ ಜಿಎಸ್‌ಟಿ ರಿಟರ್ನ್ ತಲೆಬಿಸಿ. ಮಧ್ಯಾಹ್ನ ಎದೆ ಕಲ್ಲಾಗುತ್ತಿತ್ತು, ಟಾಯ್ಲೆಟ್ಟಿಗೆ ಹೋಗಿ ಹಾಲು ಹಿಂಡಿ ಚೆಲ್ಲುತ್ತಿದ್ದೆ. ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಮಗಳು ಕೈ ಚಾಚುತ್ತಿದ್ದಳು. ಆಮೇಲೆ ರಾತ್ರಿಯಿಡೀ ಕುಡಿಯುವುದು, ಮೂಗು ಹಿಡಿಯುವುದು, ಕೂದಲು ಎಳೆಯುವುದು. ಹತ್ತು ಗಂಟೆಯ ಹೊತ್ತಿಗೆ ಮೈಯನ್ನು ಯಾರೂ ಮುಟ್ಟದಿದ್ದರೆ ಸಾಕು ಅನ್ನಿಸುತ್ತಿತ್ತು. ಇವರು ನೀರಿನ ಬಾಟಲಿ ಕೊಡುವಾಗ ಕೈ ತಾಗಿದರೂ ಸರಕ್ಕನೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಅವರು ಅದನ್ನು ನೋಡುತ್ತಿದ್ದರು. ಅವರು ನೋಡಿದ್ದನ್ನು ನಾನೂ ನೋಡುತ್ತಿದ್ದೆ.

ಮಗು ನೋಡಿಕೊಳ್ಳಲು ಅತ್ತೆ ತುಮಕೂರಿನಿಂದ ಬಂದಿದ್ದರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ದಸರಾ ಕಳೆದ ಮೇಲೆ ಒಂದು ರಾತ್ರಿ ಅವರೇ ಬಂದು, ‘ಕೂಸು ಇವತ್ತು ನನ್ನ ಹತ್ರ ಮಲಗಲಿ ಕಣಮ್ಮ. ಅವನು ಒಳಗೆ ಮಲಗಲಿ, ಹಾಲ್‌ನಲ್ಲಿ ಸೊಳ್ಳೆ’ ಅಂದರು. ನನ್ನ ಮುಖ ಕೆಂಪಾಗಿರಬೇಕು. ಇವರು ಚಾಪೆ ಸುತ್ತಿಕೊಂಡು ಒಳಗೆ ಬಂದರು, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಬಾಗಿಲು ಹಾಕಿಕೊಂಡೆವು. ತಮಗೆ ಏನೂ ಕೇಳಿಸುತ್ತಿಲ್ಲ ಅಂತ ತಿಳಿಸಲೋ ಏನೋ, ಅತ್ತೆ ಹೊರಗೆ ಜೋರಾಗಿ ದೇವರನಾಮ ಹೇಳಿಕೊಂಡು ಮಗುವನ್ನು ತಟ್ಟುತ್ತಿದ್ದರು. ನಾವಿಬ್ಬರೂ ಮಂಚದ ಎರಡು ತುದಿಯಲ್ಲಿ ಮಲಗಿದ್ದೆವು. ಏನು ಮಾತಾಡುವುದು ಅಂತ ಯೋಚಿಸುತ್ತಿದ್ದೆ. ಕಣ್ಣು ಬಿಟ್ಟಾಗ ಬೆಳಗಿನ ಜಾವ ನಾಲ್ಕೂವರೆ. ನೈಟಿ ಪೂರ್ತಿ ಹಾಲಿನಿಂದ ಒದ್ದೆ. ಇವರು ಗೊರಕೆ ಹೊಡೆಯುತ್ತಿದ್ದರು. ಹೆರಿಗೆಯಾದ ಮೇಲೆ ಒಂದೇ ಸಮನೆ ಆರು ಗಂಟೆ ನಿದ್ದೆ ಮಾಡಿದ್ದು ಅದೇ ಮೊದಲು. ಬೆಳಿಗ್ಗೆ ಅತ್ತೆ ನನಗೆ ತುಪ್ಪ ಜಾಸ್ತಿ ಹಾಕಿ ಉಪ್ಪಿಟ್ಟು ಕೊಟ್ಟರು. ಪಾಪ, ಏನಂದುಕೊಂಡರೋ.

ಆಮೇಲೆ ಅವರು ಮಗುವನ್ನು ಕರೆದುಕೊಂಡ ಪ್ರತಿ ರಾತ್ರಿಯೂ ನನಗೆ ಭಯ. ಇಡೀ ಮನೆಗೆ ಗೊತ್ತಿದ್ದು ಮಾಡುವ ಕೆಲಸ ಆಯಿತಲ್ಲ ಅದು. ತಲೆನೋವು ಅಂತ ಸುಳ್ಳು ಹೇಳುತ್ತಿದ್ದೆ. ಫೋನಿನಲ್ಲಿ ಅಮ್ಮನಿಗೆ ಸೂಚ್ಯವಾಗಿ ಹೇಳಿದೆ. ‘ಗಂಡಸರಿಗೆ ಬೇಕಾಗತ್ತೆ. ಸ್ವಲ್ಪ ಸಹಿಸಿಕೋ, ಆಮೇಲೆ ಅಭ್ಯಾಸ ಆಗತ್ತೆ’ ಅಂದಳು. ಅಮ್ಮನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಅವತ್ತು. ಅವಳೂ ಹಾಗೇ ಸಹಿಸಿಕೊಂಡಿದ್ದಳಾ? ಕೇಳಲಿಲ್ಲ.

ಇನ್ನೊಂದು ಹೆದರಿಕೆ ಮತ್ತೆ ಬಸಿರಾಗುವುದರದ್ದು. ನನಗೆ ಮುಟ್ಟು ಶುರುವಾಗಿರಲಿಲ್ಲ. ‘ಹಾಲು ಕೊಡೋವರೆಗೂ ಬಸಿರು ನಿಲ್ಲಲ್ಲ’ ಅಂತ ಅಜ್ಜಿ ಹೇಳಿದ್ದಳು. ಆದರೂ ನಾಲ್ಕು ದಿನ ವಾಕರಿಕೆ ಬಂತು ಅಂತ ಮೆಡಿಕಲ್ ಶಾಪಿನಿಂದ ಪ್ರೆಗ್ನೆನ್ಸಿ ಕಿಟ್ ತಂದು ಆಫೀಸಿನ ಟಾಯ್ಲೆಟ್ಟಿನಲ್ಲಿ ನೋಡಿದೆ. ಒಂದೇ ಗೆರೆ. ಅಲ್ಲೇ ಕೂತು ಅತ್ತುಬಿಟ್ಟೆ.

ಮಾತು ಶುರುವಾದದ್ದು ಮೋಟರಿನಿಂದ. ಡಿಸೆಂಬರಿನಲ್ಲಿ ಒಂದು ರಾತ್ರಿ ಮೋಟರ್ ಆಫ್ ಮಾಡಲು ಮರೆತಿದ್ದೆ. ಟ್ಯಾಂಕ್ ತುಂಬಿ ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಸುರಿಯುತ್ತಿತ್ತು. ಅವರು ಕೂಗಿದರು. ಇವರು ಆಗತಾನೇ ಶಿಫ್ಟ್ ಮುಗಿಸಿ ಬಂದಿದ್ದರು. ಸ್ವಿಚ್ ಆರಿಸಿ ಇಬ್ಬರೂ ಮೇಲೆ ಓಡಿದೆವು. ನೀರು ಪೂರ್ತಿ ನಿಲ್ಲುವವರೆಗೆ ಕಾಯುತ್ತ ಆ ಕಟ್ಟೆಯ ಮೇಲೆ ಕೂತೆವು. ಕಟ್ಟೆ ಒದ್ದೆಯಾಗಿತ್ತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಅಂದೆ.

‘ರೀ, ನಿಮ್ಮ ಫ್ಯಾಕ್ಟರಿಯಲ್ಲಿ ಎಮರಿ ಪೇಪರ್ ಇರತ್ತಲ್ಲ, ಅದರಲ್ಲಿ ಉಜ್ಜಿದ ಹಾಗೆ ಆಗತ್ತೆ ನನಗೆ.’

ಅವರಿಗೆ ತಕ್ಷಣ ಅರ್ಥ ಆಯಿತು. ‘ಯಾವ ನಂಬರ್ ಪೇಪರ್?’ ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವರೂ ಅಷ್ಟೇ, ತಮಾಷೆಗೆ ಅಂದದ್ದಲ್ಲ. ನೋವು ಎಷ್ಟು ಅಂತ ಅಳೆಯಲು ಅವರಿಗೆ ಗೊತ್ತಿದ್ದದ್ದು ಪೇಪರ್ ಎಷ್ಟು ಒರಟು ಅಂತ ಹೇಳುವ ಆ ನಂಬರುಗಳೇ.

‘ನನ್ನ ಹೊಟ್ಟೆ ನೋಡಿ ನಿಮಗೆ ಬೇಡ ಅನ್ನಿಸಿದೆ ಅಂದ್ಕೊಂಡಿದ್ದೆ’ ಅಂದೆ.

‘ಹೊಟ್ಟೆಗೇನಾಗಿದೆ?’ ಅಂದರು. ಆಮೇಲೆ ನಿಧಾನವಾಗಿ ಹೇಳಿದರು. ಹೆರಿಗೆಯ ದಿನ ಅವರು ಲೇಬರ್ ವಾರ್ಡಿನ ಹೊರಗೆ ನಿಂತಿದ್ದರು. ಒಳಗೆ ನಾನು ‘ಅಮ್ಮಾ’ ಅಂತ ಕೂಗಿದ್ದು ಕೇಳಿಸಿತ್ತು. ‘ಅವತ್ತು ರಾತ್ರಿ ನೀನು ಅದೇ ದನಿಯಲ್ಲಿ ಅಂದೆ. ಮತ್ತೆ ನಿನ್ನ ಮೈ ಮುಟ್ಟೋಕೆ ಧೈರ್ಯ ಬರಲಿಲ್ಲ ಕಣೇ. ನೀನು ಕೈ ಎಳ್ಕೊಂಡಾಗೆಲ್ಲ, ನನ್ನ ಕಂಡರೆ ಅಸಹ್ಯ ಆಗಿದೆ ಅಂದ್ಕೊಂಡೆ.’

ಆರು ತಿಂಗಳು ಅವರು ಚಾಪೆಯ ಮೇಲೆ ಮಲಗಿದ್ದಕ್ಕೆ ಕಾರಣ ಇದು. ನಾನು ಕಟ್ಟಿಕೊಂಡಿದ್ದ ಕಾರಣ ಪೂರ್ತಿ ಬೇರೆ. ಕೊನೆಯ ಮೆಟ್ರೊ ಯಾವಾಗ ಹೋಯಿತೋ ಗೊತ್ತಿಲ್ಲ, ಕೆಳಗೆ ಮಗು ಅತ್ತಿತು, ಇಳಿದು ಬಂದೆವು.

ಜನವರಿಯಲ್ಲಿ ಬೇರೊಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಇವರೂ ಒಳಗೆ ಬಂದರು. ಆ ಡಾಕ್ಟರ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿ ಇರುವಾಗ ಈಸ್ಟ್ರೋಜನ್ ಕಡಿಮೆ ಆಗುತ್ತದೆ. ಆಗ ಒಳಗಿನ ಚರ್ಮ ತೆಳ್ಳಗಾಗಿ ಒಣಗುತ್ತದೆ, ಮುಟ್ಟು ನಿಂತ ಹೆಂಗಸರಿಗೆ ಆಗುವ ಹಾಗೇ. ಆಸೆ ಕಡಿಮೆ ಆಗುವುದಕ್ಕೂ ಅದು ಒಂದು ಕಾರಣ, ನಿದ್ದೆಗೆಟ್ಟದ್ದು ಇನ್ನೊಂದು. ‘ಮೂವತ್ತೊಂದು ವಯಸ್ಸಿಗೆ ನನಗೆ ಅತ್ತೆಯ ವಯಸ್ಸಾ?’ ಅಂದೆ. ‘ಅಲ್ಲಿ ಮಾತ್ರ, ಸ್ವಲ್ಪ ದಿನಕ್ಕೆ’ ಅಂದರು. ಇಷ್ಟು ಹೇಳಲು ಅವರಿಗೆ ಹಿಡಿದದ್ದು ಐದು ನಿಮಿಷ. ಆರು ವಾರದ ಚೆಕಪ್ಪಿನಲ್ಲಿ ಅದೇ ಐದು ನಿಮಿಷ ನನಗೆ ಸಿಗಬೇಕಿತ್ತು.

ಅಜ್ಜಿಯ ಮಾತನ್ನೂ ಕೇಳಿದೆ. ಹಾಲು ಕೊಡುವುದರಿಂದ ಬಸಿರು ತಡೆಯುವುದು ನಿಜವಂತೆ, ಆದರೆ ಮೂರು ಷರತ್ತು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಆಗಿರಬೇಕು. ನಮ್ಮ ಮಗಳು ಜುಲೈನಿಂದಲೇ ರಾಗಿ ಸರಿ ತಿನ್ನುತ್ತಿದ್ದಳು. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆ ಆಗಬಹುದು ಅಂತಲೂ ಹೇಳಿದರು. ಕೊಬ್ಬರಿ ಎಣ್ಣೆ ವಿಷಯಕ್ಕೆ ಬೈದರು. ಎಣ್ಣೆ ತಾಗಿದರೆ ಕಾಂಡೋಮಿನ ರಬ್ಬರ್ ಹರಿಯಬಹುದು. ಹಾಗಾದರೆ ಆಫೀಸಿನ ಟಾಯ್ಲೆಟ್ಟಿನ ಭಯ ಸುಮ್ಮನೆ ಬಂದದ್ದಲ್ಲ. ಅದೇ ತಿಂಗಳು ಕಾಪರ್ ಟಿ ಹಾಕಿಸಿಕೊಂಡೆ. ಅರ್ಧ ಹೆದರಿಕೆ ಅಲ್ಲಿಗೇ ಇಳಿಯಿತು.

ಆಮೇಲೆ ಅವರು ಕನ್ನಡದಲ್ಲಿದ್ದ ಒಂದು ಪ್ರಶ್ನೆ ಹಾಳೆ ಕೊಟ್ಟರು. ಎಡಿನ್‌ಬರೋ ಸ್ಕೇಲ್ ಅಂತೆ, ಹೆರಿಗೆಯಾದ ಮೇಲೆ ಬರುವ ಖಿನ್ನತೆ ಇದೆಯಾ ಅಂತ ನೋಡಲು. ಕಳೆದ ಏಳು ದಿನ ಮನಸ್ಸು ಹೇಗಿತ್ತು ಅಂತ ಹತ್ತು ಪ್ರಶ್ನೆ. ಮೊದಲನೆಯದೇ ನಗುವಿನ ಬಗ್ಗೆ: ಮೊದಲಿನ ಹಾಗೆ ನಗಲು ಆಗುತ್ತಿದೆಯಾ? ನಾನು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತೆ. ಇವರು ನನ್ನನ್ನೇ ನೋಡುತ್ತಿದ್ದರು. ನನ್ನ ಅಂಕ ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಹಾಳೆಯ ಹಿಂದೆ 14416 ಅಂತ ಬರೆದುಕೊಟ್ಟರು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು ಅಂತ. ಜಾಸ್ತಿ ಆದರೆ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ ಅಂದರು. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ನಂಬರಿಗೆ ಒಂದು ಸಲ ಫೋನ್ ಮಾಡಿದ್ದೇನೆ, ರಾತ್ರಿ ಎರಡಕ್ಕೆ. ಯಾರೋ ಒಬ್ಬ ಹುಡುಗಿ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡಳು.

ಔಷಧಿ ಅಂತ ಕೊಟ್ಟದ್ದು ಎರಡೇ: ಹಚ್ಚಿಕೊಳ್ಳಲು ಈಸ್ಟ್ರೋಜನ್ ಕ್ರೀಮು, ಆ ಹೊತ್ತಿಗೆ ಬಳಸಲು ನೀರಿನಲ್ಲಿ ಕರಗುವ ಜೆಲ್ಲಿ. ಚೀಟಿ ಹಿಡಿದು ಇವರೇ ಮೆಡಿಕಲ್‌ಗೆ ಹೋದರು. ಅಂಗಡಿಯ ಹುಡುಗ ಚೀಟಿ ನೋಡಿ, ಇವರನ್ನು ನೋಡಿ, ಟ್ಯೂಬನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಅದನ್ನು ಕಪ್ಪು ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ ಕೊಟ್ಟನಂತೆ. ‘ಬಾಂಬ್ ಕೊಟ್ಟ ಹಾಗೆ ಕೊಟ್ಟ’ ಅಂದರು.

ಜೊತೆಗೆ ಫಿಸಿಯೋಥೆರಪಿ. ಸೊಂಟದ ತಳದ ಸ್ನಾಯುಗಳಿಗೆ. ಮಂಡಿ ನೋವಿಗೆ ಫಿಸಿಯೋ ಗೊತ್ತಿತ್ತು, ಇದಕ್ಕೂ ಇದೆ ಅಂತ ಗೊತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ನೋಡಿಕೊಂಡು ಬಿಗಿ ಹಿಡಿಯುವ ವ್ಯಾಯಾಮ ದಿನಾ ಮಾಡುತ್ತಿದ್ದೆ. ಫಿಸಿಯೋ ಮಾಡಿಸುವ ಹುಡುಗಿ ನೋಡಿ, ‘ಅಕ್ಕಾ, ನಿಮ್ಮದು ಸಡಿಲ ಆಗಿಲ್ಲ. ಹೆದರಿ ಹೆದರಿ ಯಾವಾಗಲೂ ಬಿಗಿ ಹಿಡಿದುಕೊಂಡೇ ಇದ್ದೀರ. ನೀವು ಬಿಡೋದನ್ನ ಕಲೀಬೇಕು’ ಅಂದಳು. ನಾನು ಉಲ್ಟಾ ವ್ಯಾಯಾಮ ಮಾಡುತ್ತಿದ್ದೆ ಅಂತ ಆಯಿತು. ಹೊಟ್ಟೆ ಉಬ್ಬುವ ಹಾಗೆ ಉಸಿರು ಎಳೆಯುವುದು, ಉಸಿರಿನ ಜೊತೆ ಕೆಳಗಿನ ಬಿಗಿ ಬಿಡುವುದು, ಹೊಲಿಗೆಯ ಗೆರೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ತಿಕ್ಕುವುದು. ಮೊದಲ ದಿನ ಆ ಗೆರೆ ಮುಟ್ಟಿದಾಗ ಬೆವೆತುಹೋದೆ. ಬಾಣಂತನದಲ್ಲಿ ಮೈಯೆಲ್ಲ ಎಣ್ಣೆ ಹಚ್ಚಿಸಿಕೊಂಡಿದ್ದೆ. ಅದೊಂದು ಜಾಗವನ್ನು ಯಾರೂ, ನಾನೂ, ಮುಟ್ಟಿರಲಿಲ್ಲ. ಎಂಟು ಸಲ ಹೋದೆ.

ಡಾಕ್ಟರ್ ಇನ್ನೊಂದು ಷರತ್ತು ಹಾಕಿದ್ದರು: ಎರಡು ತಿಂಗಳು ಅದರ ಪ್ರಯತ್ನವೇ ಬೇಡ. ಇದರಿಂದ ಅತಿ ಹೆಚ್ಚು ಹಗುರ ಆದದ್ದು ಇವರಿಗೆ. ಮುಂದೆ ಏನೂ ಇಲ್ಲ ಅಂತ ಗೊತ್ತಿದ್ದರಿಂದ ನನ್ನ ಕಾಲು ಒತ್ತಲು ಕೂತರೆ ಕಾಲು ಮಾತ್ರ ಒತ್ತುತ್ತಿದ್ದರು. ನಾನೂ ಕಾಲು ಎಳೆದುಕೊಳ್ಳುತ್ತಿರಲಿಲ್ಲ. ಮಾರ್ಚಿನ ಹೊತ್ತಿಗೆ ಚಾಪೆ ಮಂಚದ ಕೆಳಗೆ ಹೋಯಿತು.

ಎಲ್ಲ ಒಂದೇ ಸಲ ಸರಿಹೋಯಿತು ಅಂತ ಅಲ್ಲ. ಏಪ್ರಿಲಿನಲ್ಲಿ ಒಂದು ಸಲ ಪ್ರಯತ್ನಿಸಿ ಅರ್ಧಕ್ಕೇ ನಿಲ್ಲಿಸಿದೆವು. ‘ಸಾಕು’ ಅಂದೆ, ಈ ಸಲ ಫ್ಯಾನ್ ನೋಡಲಿಲ್ಲ, ಎದ್ದು ಮಜ್ಜಿಗೆ ಕುಡಿದೆವು. ಜೂನ್ ಕೊನೆಯಲ್ಲಿ ನೋವಿಲ್ಲದೆ ಆಯಿತು. ಅವತ್ತು ಅತ್ತೆ ಊರಿಗೆ ಹೋಗಿದ್ದರು, ಮಗಳು ಪಕ್ಕದ ಚಿಕ್ಕ ಹಾಸಿಗೆಯಲ್ಲಿದ್ದಳು. ಹಿನ್ನೆಲೆಯಲ್ಲಿ ದೇವರನಾಮ ಇರಲಿಲ್ಲ, ಅದೂ ಒಂದು ಕಾರಣ ಇರಬಹುದು. ಮೊದಲಿನ ಹಾಗೆ ಇದೆಯಾ ಅಂದರೆ ಇಲ್ಲ. ಮೊದಲು ನಾವು ಏನೂ ಮಾತಾಡದೆ ಎಲ್ಲ ನಡೆಯುತ್ತಿತ್ತು. ಈಗ ‘ಇವತ್ತು ಬೇಡ’, ‘ಸ್ವಲ್ಪ ನಿಲ್ಲಿ’, ‘ಟ್ಯೂಬ್ ಎಲ್ಲಿಟ್ಟೆ’ ಅಂತ ಮಾತೇ ಜಾಸ್ತಿ.

ಈಗ ತಂಗಿಗೆ ಏಳು ತಿಂಗಳು. ಹೋದ ತಿಂಗಳು ಸೀಮಂತಕ್ಕೆ ಹರಿಹರಕ್ಕೆ ಹೋಗಿದ್ದೆ. ಹಿಂದಿನ ಕೋಣೆಗೆ ಆಗಲೇ ಸುಣ್ಣ ಆಗಿತ್ತು. ಅಮ್ಮ ಅಂಟಿನುಂಡೆಗೆ ಒಣಖರ್ಜೂರದ ಬೀಜ ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೊಬ್ಬರಿ ತುರಿಯುತ್ತ, ಅಳಿಯಂದಿರಿಗೆ ಈ ಸಲ ಬಾಗಿಲಲ್ಲಿ ಕುರ್ಚಿ ಹಾಕಬೇಡ, ಒಳಗೆ ಹಾಕು ಅಂದೆ. ಅಮ್ಮ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ನಿನಗೆ ಅವತ್ತು ಫೋನಿನಲ್ಲಿ ಹಾಗೆ ಹೇಳಬಾರದಿತ್ತು’ ಅಂದಳು. ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ರಾತ್ರಿ ತಂಗಿಯ ಜೊತೆ ಮಲಗಿದಾಗ ಎಲ್ಲ ಹೇಳಿದೆ. ಎಮರಿ ಪೇಪರ್, ಹಾರ್ಮೋನು, ಹೊಲಿಗೆಯ ಗೆರೆ, ಎಲ್ಲ. ‘ಥೂ, ಅಕ್ಕಾ!’ ಅಂತ ಮುಖಕ್ಕೆ ಹೊದಿಕೆ ಎಳೆದುಕೊಂಡಳು. ಬೆಳಿಗ್ಗೆ ನಾನು ನ್ಯೂಸ್‌ಪೇಪರಿನಲ್ಲಿ ಸುತ್ತದೆ ಹಾಗೇ ಒಂದು ಟ್ಯೂಬ್ ಕೊಟ್ಟೆ. ಅತ್ತ ಇತ್ತ ನೋಡಿದಳು. ಆಸ್ಪತ್ರೆಗೆ ಒಯ್ಯಲು ಜೋಡಿಸಿಟ್ಟಿದ್ದ ಬ್ಯಾಗಿನಲ್ಲಿ, ಕುಲಾವಿಗಳ ಕೆಳಗೆ, ಒಳಗಿನ ಜಿಪ್ಪಿಗೆ ಹಾಕಿಕೊಂಡಳು.